ಅಲೆ ವಿನ್ಯಾಸದ ಕ್ರೋಶಾ ಹೊದಿಕೆ: ಮೊದಲ ಚೈನ್‌ನಿಂದ ಕೊನೆಯ ಅಂಚಿನವರೆಗೆ

ಸೋಫಾ ಮೇಲೆ ಅಲೆ ಅಲೆಯಾಗಿ ಹಾಸಿದ ಕ್ರೋಶಾ ಹೊದಿಕೆ ನೋಡಿದವರು "ಇದೆಲ್ಲ ನಮ್ಮ ಕೈಲಾಗುವ ಕೆಲಸವಲ್ಲ" ಎಂದು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಬಾಗಿಲ ತೋರಣವನ್ನೋ ಟಿ.ವಿ. ಮೇಲಿನ ಮುಚ್ಚಿಗೆಯನ್ನೋ ಹಾಕಿದ ಕೈಗೆ ಈ ಹೊದಿಕೆ ಅವೆರಡಕ್ಕಿಂತ ಸುಲಭ. ತೋರಣದಲ್ಲಿ ಸಾಲು ಸಾಲಿಗೂ ಲೆಕ್ಕ ಬದಲಾಗುತ್ತದೆ. ಇಲ್ಲಿ ಕಲಿಯಬೇಕಾದದ್ದು ಒಂದೇ ಸಾಲು, ಅದನ್ನೇ ಕೊನೆಯವರೆಗೂ ಹೆಣೆಯುವುದು. ಚೈನ್ (ಕುಣಿಕೆಯೊಳಗೆ ಕುಣಿಕೆ ಎಳೆದ ಸರಪಳಿ) ಹಾಕಲು ಮತ್ತು ಒಂದು ಕಂಬ (ಅದರ ಮೇಲೆ ನಿಲ್ಲುವ ಉದ್ದನೆಯ ಹೆಣಿಗೆ, ವಿಧಾನ ಮುಂದೆ ಇದೆ) ಎತ್ತಲು ಬಂದರೆ ನೀವು ಶುರು ಮಾಡಬಹುದು.

ಅಲೆ ಹುಟ್ಟುವ ಬಗೆ ಮೊದಲು ಅರ್ಥವಾಗಬೇಕು. ಸಾಲಿನಲ್ಲಿ ಒಂದು ಕಡೆ ಕಂಬ ಹೆಚ್ಚಿಸಿದರೆ ಬಟ್ಟೆ ಮೇಲಕ್ಕೆ ಉಬ್ಬುತ್ತದೆ, ಇನ್ನೊಂದು ಕಡೆ ಕಂಬಗಳನ್ನು ಕೂಡಿಸಿ ಕಡಿಮೆ ಮಾಡಿದರೆ ಕೆಳಕ್ಕೆ ಜಗ್ಗುತ್ತದೆ. ಎಷ್ಟು ಹೆಚ್ಚಿಸಿದಿರೋ ಅಷ್ಟನ್ನೇ ಕಳೆಯುತ್ತಾ ಹೋದರೆ ಅಗಲ ಹಾಗೇ ಉಳಿದು ಅಲೆ ಮಾತ್ರ ಮೂಡುತ್ತದೆ. ಈ ಸಮತೂಕವೊಂದು ಮನಸ್ಸಿನಲ್ಲಿ ನಿಂತರೆ ಚೀಟಿ ನೋಡಿಕೊಂಡು ಹೆಣೆಯಬೇಕಾದ ಅಗತ್ಯವೇ ಬೀಳುವುದಿಲ್ಲ. ತಪ್ಪಿದರೆ ಎಲ್ಲಿ ತಪ್ಪಿತೆಂದು ಬಟ್ಟೆಯೇ ತೋರಿಸುತ್ತದೆ.

ದಾರ ಯಾವುದು?

ಮೈಸೂರು, ಮಂಡ್ಯದ ಚಳಿ ಕೊಡಗಿನ ಚಳಿಯಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಜಾವ 15–16 ಡಿಗ್ರಿಗೆ ಇಳಿಯುತ್ತದೆ, ಹತ್ತು ಗಂಟೆಗೆಲ್ಲ ಬಿಸಿಲು ಏರಿರುತ್ತದೆ. ಇಂಥ ಊರಿಗೆ ಅಪ್ಪಟ ಉಣ್ಣೆಯ ಹೊದಿಕೆ ಬೇಡ. ಮಾರ್ಚ್ ಬಂದರೆ ಅದನ್ನು ಮಡಿಚಿ ಬೀರುವಿನಲ್ಲಿ ಇಡಬೇಕಾಗುತ್ತದೆ, ಹುಳ ಬೀಳದಂತೆ ಕಾಯುವ ಕೆಲಸ ಬೇರೆ.

ಅಂಗಡಿಯಲ್ಲಿ "ಉಲ್ಲನ್" ಎಂದು ಕೇಳಿದರೆ ಕೊಡುವುದು ಹೆಚ್ಚಾಗಿ ಅಕ್ರಿಲಿಕ್ ದಾರ. ವರ್ಧಮಾನ್, ಓಸ್ವಾಲ್, ಗಂಗಾ ಇವೆಲ್ಲ ಸುಲಭವಾಗಿ ಸಿಗುತ್ತವೆ. ಅಕ್ರಿಲಿಕ್ ಹಗುರ, ಒಗೆಯಲು ಸುಲಭ, ಹುಳದ ಭಯವಿಲ್ಲ. ಆದರೆ ಬೇಸಿಗೆಯಲ್ಲಿ ಮೈಗೆ ಅಂಟಿ ಬೆವರಿಸುತ್ತದೆ. ಹತ್ತಿ ದಾರ ವರ್ಷವಿಡೀ ಹಿತ, ಚಿಕ್ಕ ಮಕ್ಕಳ ಮೈಗೂ ಒಳ್ಳೆಯದು. ಅದರ ತೊಂದರೆ ತೂಕ. ಇಷ್ಟು ದೊಡ್ಡ ಹತ್ತಿ ಹೊದಿಕೆ ನೀರಲ್ಲಿ ನೆನೆದರೆ ಎತ್ತುವುದೇ ಕಷ್ಟ, ಕಾಲ ಕಳೆದಂತೆ ಉದ್ದಕ್ಕೂ ಜಗ್ಗುತ್ತದೆ. ಎರಡೂ ಬೆರೆತ ದಾರ ಸಿಕ್ಕರೆ ನಮ್ಮ ಹವೆಗೆ ಅದೇ ಸರಿ. ಹಾಗಿದ್ದರೂ ಮೊದಲ ಹೊದಿಕೆಯನ್ನು ಅಕ್ರಿಲಿಕ್‌ನಲ್ಲೇ ಹೆಣೆಯಿರಿ ಎನ್ನುತ್ತೇನೆ. ಕಲಿಯುವಾಗ ಸಾಲು ಬಿಚ್ಚುವುದು ಇದ್ದೇ ಇರುತ್ತದೆ. ನಯವಾದ ಅಕ್ರಿಲಿಕ್ ಬಿಚ್ಚಿ ಮತ್ತೆ ಹೆಣೆದರೂ ಸುಲಭಕ್ಕೆ ಕೆಡುವುದಿಲ್ಲ. ತುಪ್ಪಳದಂತೆ ಕೂದಲೆದ್ದ ದಾರ ಎಷ್ಟೇ ಮುದ್ದಾಗಿ ಕಂಡರೂ ಬೇಡ, ಅದರಲ್ಲಿ ಕಂಬ ಎಣಿಸಲು ಆಗುವುದಿಲ್ಲ. ಕಪ್ಪು, ಕಡು ನೀಲಿ ಕೂಡ ರಾತ್ರಿ ದೀಪದಲ್ಲಿ ಕಣ್ಣಿಗೆ ತ್ರಾಸ.

ದಾರದ ದಪ್ಪಕ್ಕೆ "4 ಪ್ಲೈ" (ನಾಲ್ಕು ಎಳೆ) ಎಂಬ ಮಾತನ್ನು ನಂಬಬೇಡಿ, ಒಂದೊಂದು ಕಂಪನಿಯ 4 ಪ್ಲೈ ಒಂದೊಂದು ದಪ್ಪ ಇರುತ್ತದೆ. ಉಂಡೆಯ ಸುತ್ತಿನ ಪಟ್ಟಿಯಲ್ಲಿ ಯಾವ ಅಳತೆಯ ಕಡ್ಡಿ (ಕೊಕ್ಕೆಯಿರುವ ಕ್ರೋಶಾ ಸೂಜಿ) ಎಂದು ಬರೆದಿರುತ್ತದೆ, 4 ಮಿ.ಮೀ. ಆಸುಪಾಸಿನದು ತೆಗೆದುಕೊಳ್ಳಿ. ಅದೇ ಪಟ್ಟಿಯಲ್ಲಿ ಲಾಟ್ ಸಂಖ್ಯೆಯೂ (ಒಟ್ಟಿಗೆ ಬಣ್ಣ ಹಾಕಿದ ಕಂತಿನ ಗುರುತು) ಇರುತ್ತದೆ. ಒಂದು ಬಣ್ಣದ ಎಲ್ಲ ಉಂಡೆಗಳೂ ಒಂದೇ ಲಾಟ್‌ನವು ಆಗಿರಲಿ. ಲಾಟ್ ಬದಲಾದರೆ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಎನಿಸಿದ ಬಣ್ಣ ಮನೆಯ ಹಗಲು ಬೆಳಕಿನಲ್ಲಿ ಎರಡಾಗಿ ಕಾಣುತ್ತದೆ.

ಕಡ್ಡಿ 4.5 ಮಿ.ಮೀ. ಅಲ್ಯೂಮಿನಿಯಂನದು, ಜೊತೆಗೆ ಒಂದು 5 ಮಿ.ಮೀ. ಕೂಡ ಬೇಕು, ಯಾಕೆಂದು ಮುಂದೆ ಹೇಳುತ್ತೇನೆ. ತೋರಣದ ನೂಲಿಗೆ ಬಳಸುವ ಸಣ್ಣ ಸ್ಟೀಲ್ ಕಡ್ಡಿ ಇದಕ್ಕೆ ಆಗುವುದಿಲ್ಲ. ಪೋನಿ ಕಂಪನಿಯ ಕಡ್ಡಿಗಳು ನಮ್ಮ ನೆರೆಯ ನೀಲಗಿರಿಯಲ್ಲೇ ತಯಾರಾಗುವಂಥವು, ಕೊಕ್ಕೆ ನುಣುಪಾಗಿರುತ್ತದೆ, ಧೈರ್ಯವಾಗಿ ಕೊಳ್ಳಬಹುದು. ಇನ್ನು ಬೇಕಾದದ್ದು ದೊಡ್ಡ ಕಣ್ಣಿನ ಮೊಂಡು ಸೂಜಿ, ಕತ್ತರಿ, ಟೇಪು ಮತ್ತು ಹತ್ತು–ಹದಿನೈದು ಪಿನ್ನು. ಮೈಸೂರಿನವರು ದೇವರಾಜ ಮಾರುಕಟ್ಟೆ, ಶಿವರಾಮಪೇಟೆ ಸುತ್ತಿನ ಟೈಲರಿಂಗ್ ಸಾಮಾನಿನ ಅಂಗಡಿಗಳಲ್ಲಿ, ಮಂಡ್ಯದವರು ಪೇಟೆಬೀದಿಯ ಕಡೆ ವಿಚಾರಿಸಿ.

ಬಣ್ಣ ಹೊಂದಿಸುವುದು

ಅಲೆ ಎದ್ದು ಕಾಣುವುದು ಬಣ್ಣದ ಪಟ್ಟಿಗಳಿಂದ. ಎರಡೆರಡು ಸಾಲಿಗೆ ಬಣ್ಣ ಬದಲಿಸುವುದು ಎಲ್ಲಕ್ಕಿಂತ ಅನುಕೂಲ, ಆಗ ದಾರದ ತುದಿಗಳೆಲ್ಲ ಒಂದೇ ಬದಿಯಲ್ಲಿ ಬರುತ್ತವೆ.

ಬಣ್ಣಕ್ಕಾಗಿ ದೂರ ಹುಡುಕಬೇಕಿಲ್ಲ. ಕನ್ನಂಬಾಡಿಯ ಹಿನ್ನೀರನ್ನು ಸಂಜೆ ಹೊತ್ತು ನೋಡಿದವರಿಗೆ ಬೂದು ನೀಲಿ, ಮಾಸಲು ಹಸಿರು, ಕೆನೆಬಿಳಿ ಮೂರೂ ಒಟ್ಟಿಗೆ ಹೇಗೆ ಕೂರುತ್ತವೆಂದು ಗೊತ್ತು. ಮಂಡ್ಯದ ಕಡೆಯವರು ಕಬ್ಬಿನ ಸೋಗೆಯ ಹಸಿರು, ಮಾಗಿದ ಭತ್ತದ ಹೊಂಬಣ್ಣ, ಅಚ್ಚುಬೆಲ್ಲದ ಕಂದು ತೆಗೆದುಕೊಂಡರೆ ಮರದ ಕುರ್ಚಿ, ದಿವಾನಗಳ ಮೇಲೆ ಅದು ಬಹಳ ಚೆನ್ನಾಗಿ ಒಪ್ಪುತ್ತದೆ. ನನಗೆ ಅಚ್ಚುಮೆಚ್ಚಾದದ್ದು ಮೈಸೂರು ರೇಷ್ಮೆಯ ರೀತಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಶುರುವಾದ ಇಲ್ಲಿನ ರೇಷ್ಮೆ ಕಾರ್ಖಾನೆಯ ಸೀರೆಗಳನ್ನು ಗಮನಿಸಿ: ಒಡಲು ಒಂದೇ ಬಣ್ಣ, ಸೊಗಸೆಲ್ಲ ಜರಿ ಅಂಚಿನಲ್ಲಿ. ಅದರಂತೆ ಹೊದಿಕೆಯ ಒಡಲಿಗೆಲ್ಲ ನವಿಲು ನೀಲಿ, ಎರಡೂ ತುದಿಯಲ್ಲಿ ನಾಲ್ಕಾರು ಸಾಲು ಮಾತ್ರ ಸಾಸಿವೆ ಹಳದಿ ಹಾಕಿ ನೋಡಿ. ದಾರದ ತುದಿ ಸಿಕ್ಕಿಸುವ ಕೆಲಸವೂ ಬಹಳಷ್ಟು ತಪ್ಪುತ್ತದೆ.

ಬಣ್ಣಗಳ ಅನುಕ್ರಮ ಗೊತ್ತು ಮಾಡಲು ಒಂದು ರಟ್ಟಿನ ತುಂಡಿಗೆ ದಾರಗಳನ್ನು ಪಟ್ಟಿ ಬರುವ ಕ್ರಮದಲ್ಲೇ ಸುತ್ತಿ, ಹೊದಿಕೆ ಹಾಸುವ ಜಾಗದಲ್ಲಿ ಇಟ್ಟು ಎರಡು ದಿನ ನೋಡುತ್ತಿರಿ.

ಮಾದರಿ ತುಂಡು ಮತ್ತು ಲೆಕ್ಕ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಅವಸರಕ್ಕೆ ಎಲ್ಲರೂ ಹಾರಿಸುವ ಹಂತ ಇದೇ, ದಾರ ಸಾಲದೆ ಅರ್ಧಕ್ಕೆ ನಿಂತ ಹೊದಿಕೆಗಳಿಗೆ ಕಾರಣವೂ ಇದೇ.

ಒಂದು ಅಲೆಗೆ 14 ಕಂಬ. ಸಾಲಿನ ಶುರುವಿಗೆ ಇನ್ನು 3 ಚೈನ್ ಸೇರಿಸಬೇಕು. ಮಾದರಿಗೆ ಎರಡು ಅಲೆ ಸಾಕು: 28ಕ್ಕೆ 3 ಸೇರಿಸಿ 31 ಚೈನ್. ಮುಂದೆ ಹೇಳಿರುವ ವಿಧಾನದಲ್ಲಿ 10 ಸಾಲು ಹೆಣೆದು ಅಗಲ, ಎತ್ತರ ಅಳೆಯಿರಿ. ಈ ದಾರ, ಈ ಕಡ್ಡಿಗೆ ಒಂದು ಅಲೆ ಸುಮಾರು 7ರಿಂದ 8 ಸೆಂ.ಮೀ. ಬರುತ್ತದೆ. ಬಿಗಿ ಕೈಯವರಿಗೆ ಕಡಿಮೆ, ಸಡಿಲ ಕೈಯವರಿಗೆ ಹೆಚ್ಚು.

ನಿಮ್ಮ ಅಲೆ 7.5 ಸೆಂ.ಮೀ. ಇದ್ದರೆ, ಮಗುವಿನ ಹೊದಿಕೆಗೆ 10 ಅಲೆ ಅಂದರೆ 143 ಚೈನ್, ಅಗಲ 75 ಸೆಂ.ಮೀ. ಸೋಫಾ ಹೊದಿಕೆಗೆ 14 ಅಲೆ, 199 ಚೈನ್, ಅಗಲ 105 ಸೆಂ.ಮೀ. ಒಂಟಿ ಮಂಚಕ್ಕೆ 20 ಅಲೆ, 283 ಚೈನ್, ಅಗಲ 150 ಸೆಂ.ಮೀ. ಇಲ್ಲಿ ನಾನು ಸೋಫಾ ಹೊದಿಕೆಯನ್ನು ಹಿಡಿದು ಹೇಳುತ್ತೇನೆ, 105 ಅಗಲ, 140 ಉದ್ದ.

ಇನ್ನು ದಾರ ಎಷ್ಟು ಬೇಕು? ಮಾದರಿ ತುಂಡನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ತುಂಡು 15 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರ ಇದ್ದು 9 ಗ್ರಾಂ ತೂಗಿತು ಅನ್ನಿ. ಅದರ ವಿಸ್ತೀರ್ಣ 180 ಚದರ ಸೆಂ.ಮೀ. ಇಡೀ ಹೊದಿಕೆಯದು 105ನ್ನು 140ರಿಂದ ಗುಣಿಸಿದರೆ 14,700. ಅದನ್ನು 180ರಿಂದ ಭಾಗಿಸಿ 9ರಿಂದ ಗುಣಿಸಿದರೆ 735 ಗ್ರಾಂ. ಅಂಚಿಗೆ, ತುದಿಗಳಿಗೆ ಎಂದು ಇನ್ನು ನೂರು ಗ್ರಾಂ ಮೇಲೆ ಹಿಡಿದು 850 ಗ್ರಾಂ ಕೊಳ್ಳಿ, 50 ಗ್ರಾಂನ 17 ಉಂಡೆ. 12 ಸೆಂ.ಮೀ.ಗೆ 10 ಸಾಲಾದರೆ 140 ಸೆಂ.ಮೀ.ಗೆ ಸುಮಾರು 116 ಸಾಲು, ಅಂದರೆ ಎರಡು ಸಾಲಿನ 58 ಪಟ್ಟಿ. ಒಂದು ಪಟ್ಟಿಗೆ ಹದಿಮೂರು ಗ್ರಾಂ ಹತ್ತಿರ ದಾರ ಹೋಗುತ್ತದೆ. ಒಂದು ಉಂಡೆಯಲ್ಲಿ ಮೂರು ಪಟ್ಟಿ ಧಾರಾಳವಾಗಿ ಬರುತ್ತದೆ, ನಾಲ್ಕನೆಯದಕ್ಕೆ ಕೊನೆಯಲ್ಲಿ ಕೊರತೆ ಬೀಳಬಹುದು. ಬಣ್ಣ ಹಂಚುವಾಗ ಇದು ನೆನಪಿರಲಿ.

ಮಾದರಿಯನ್ನು ಬಿಚ್ಚಬೇಡಿ. ಒಮ್ಮೆ ಒಗೆದು ಒಣಗಿಸಿ ಮತ್ತೆ ಅಳೆಯಿರಿ. ಕೆಂಪು, ಮೆರೂನ್ ಹತ್ತಿ ದಾರವಾಗಿದ್ದರೆ ಒದ್ದೆ ತುಂಡನ್ನು ಬಿಳಿ ಬಟ್ಟೆಯ ಮೇಲೆ ಒತ್ತಿ. ಬಣ್ಣ ಹತ್ತಿದರೆ ಆ ದಾರವನ್ನು ತಿಳಿ ಬಣ್ಣಗಳ ಪಕ್ಕ ಹಾಕುವುದು ಬೇಡ.

ಕೈಗೆ ಬರಬೇಕಾದ ಮೂರು ಕೆಲಸ

ಕಂಬ: ಕಡ್ಡಿಗೆ ಒಂದು ಸುತ್ತು ದಾರ ಹಾಕಿ, ಚೈನ್‌ನೊಳಗೆ ತೂರಿಸಿ ದಾರ ಎಳೆಯಿರಿ. ಕಡ್ಡಿಯ ಮೇಲೆ ಮೂರು ಕುಣಿಕೆ. ದಾರ ಹಿಡಿದು ಎರಡರಿಂದ ಎಳೆಯಿರಿ, ಮತ್ತೆ ದಾರ ಹಿಡಿದು ಉಳಿದ ಎರಡರಿಂದ ಎಳೆಯಿರಿ. ವಿಡಿಯೊ ನೋಡಿ ಕಲಿಯುವವರು ಇಲ್ಲಿ ಎಚ್ಚರ ವಹಿಸಿ. ಅಮೆರಿಕದವರು ಈ ಕಂಬವನ್ನು ಡಬಲ್ ಕ್ರೋಶೆ ಎನ್ನುತ್ತಾರೆ, ಬ್ರಿಟನ್ನಿನವರು ಇದನ್ನೇ ಟ್ರೆಬಲ್ ಎನ್ನುತ್ತಾರೆ.

ಜೋಡಿ: ಒಂದೇ ಜಾಗದಲ್ಲಿ ಎರಡು ಕಂಬ. ಒಂದು ಎರಡಾಗುತ್ತದೆ.

ಇಳಿಕೆ: ಎರಡು ಕಂಬ ಸೇರಿ ಒಂದಾಗುವುದು. ಕಡ್ಡಿಗೆ ದಾರ ಸುತ್ತಿ, ತೂರಿಸಿ ಎಳೆದು, ದಾರ ಹಿಡಿದು ಎರಡು ಕುಣಿಕೆಯಿಂದ ಎಳೆದು ಅಲ್ಲಿಗೇ ನಿಲ್ಲಿಸಿ. ಕಡ್ಡಿಯ ಮೇಲೆ ಎರಡು ಕುಣಿಕೆ ಉಳಿದಿರುತ್ತದೆ. ಮತ್ತೆ ದಾರ ಸುತ್ತಿ ಮುಂದಿನದರಲ್ಲಿ ತೂರಿಸಿ ಎಳೆದು, ಎರಡರಿಂದ ಎಳೆಯಿರಿ. ಈಗ ಮೂರು ಕುಣಿಕೆ. ದಾರ ಹಿಡಿದು ಮೂರರಿಂದಲೂ ಒಟ್ಟಿಗೆ ಎಳೆದುಬಿಡಿ.

ಬುಡದ ಚೈನ್ ಮತ್ತು ಮೊದಲ ಸಾಲು

5 ಮಿ.ಮೀ. ಕಡ್ಡಿ ಬೇಕಾದದ್ದು ಇಲ್ಲಿಗೆ. ಬುಡದ ಚೈನ್ ಬಿಗಿಯಾದರೆ ಹೊದಿಕೆಯ ಕೆಳಗಿನ ಅಂಚು ಮುದುಡಿಕೊಳ್ಳುತ್ತದೆ, ಎಷ್ಟು ಒಗೆದರೂ ಸರಿಯಾಗುವುದಿಲ್ಲ. ಆದ್ದರಿಂದ ಚೈನ್ ಮಾತ್ರ ದಪ್ಪ ಕಡ್ಡಿಯಲ್ಲಿ ಹಾಕಿ, ಆಮೇಲೆ 4.5ಕ್ಕೆ ಬದಲಿಸಿಕೊಳ್ಳಿ. 28 ಚೈನ್‌ಗೆ ಒಂದರಂತೆ ಪಿನ್ನು ಸಿಕ್ಕಿಸುತ್ತಾ ಹೋದರೆ ಎಣಿಕೆ ತಪ್ಪುವುದಿಲ್ಲ. 199 ಆದ ಮೇಲೂ ಐದಾರು ಚೈನ್ ಹೆಚ್ಚಿಗೆ ಹಾಕಿಡುವುದು ಒಳ್ಳೆಯ ಅಭ್ಯಾಸ, ಉಳಿದದ್ದನ್ನು ಶುರುವಿನ ಗಂಟಿನ ಕಡೆಯಿಂದ ಬಿಚ್ಚಿಕೊಳ್ಳಬಹುದು. ಕಡಿಮೆ ಬಿದ್ದರೆ ಇಡೀ ಸಾಲನ್ನೇ ಬಿಚ್ಚಬೇಕು.

ಮೊದಲ ಸಾಲು ಹೀಗೆ:

1. ಕಡ್ಡಿಯಿಂದ ನಾಲ್ಕನೆಯ ಚೈನ್‌ನಲ್ಲಿ ಒಂದು ಕಂಬ. ಬಿಟ್ಟ ಮೂರು ಚೈನ್ ಒಂದು ಕಂಬದ ಲೆಕ್ಕ. ಅಲ್ಲಿಗೆ ಮೊದಲ ಜಾಗದಲ್ಲಿ ಜೋಡಿ ಕೂತಿತು.
2. ಮುಂದಿನ ನಾಲ್ಕು ಚೈನ್‌ನಲ್ಲಿ ಒಂದೊಂದು ಕಂಬ.
3. ಎರಡು ಇಳಿಕೆ, ಒಟ್ಟು ನಾಲ್ಕು ಚೈನ್ ಮೇಲೆ.
4. ಮತ್ತೆ ನಾಲ್ಕರಲ್ಲಿ ಒಂದೊಂದು ಕಂಬ.
5. ಮುಂದಿನದರಲ್ಲಿ ಜೋಡಿ, ಅದರ ಮುಂದಿನದರಲ್ಲೂ ಜೋಡಿ.
6. ಎರಡನೆಯ ಹೆಜ್ಜೆಗೆ ಹಿಂತಿರುಗಿ. ಕೊನೆಯ ಅಲೆಯಲ್ಲಿ ನಾಲ್ಕು ಕಂಬದ ನಂತರ ಒಂದೇ ಚೈನ್ ಉಳಿದಿರುತ್ತದೆ, ಅದರಲ್ಲಿ ಒಂದು ಜೋಡಿ.

ಲೆಕ್ಕ ನೋಡಿ. ಒಂದು ಅಲೆಯಲ್ಲಿ ಎರಡು ಜೋಡಿಯಿಂದ ಎರಡು ಕಂಬ ಹೆಚ್ಚಿತು, ಎರಡು ಇಳಿಕೆಯಿಂದ ಎರಡು ಕಡಿಮೆಯಾಯಿತು. 14 ಚೈನ್ ಮೇಲೆ 14 ಕಂಬ. ಸಾಲಿನ ಎರಡು ಕೊನೆಯಲ್ಲಿ ಅರ್ಧರ್ಧ ಶಿಖರ ಇರುವುದರಿಂದ ಅಲ್ಲಿ ಒಂದೊಂದೇ ಜೋಡಿ. ಒಟ್ಟು 196 ಇರಬೇಕು.

ಈ ಸಾಲು ನೋಡಲು ಅಲೆಯಂತೆ ಕಾಣುವುದಿಲ್ಲ, ಸುಮ್ಮನೆ ಸುರುಳಿಯಾಗಿ ತಿರುಚಿಕೊಂಡಿರುತ್ತದೆ. ಹೆದರಬೇಡಿ. ನಾಲ್ಕನೆಯ ಸಾಲಿನ ಹೊತ್ತಿಗೆ ಅಲೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಎರಡನೆಯ ಸಾಲಿನಿಂದ ಮುಂದಕ್ಕೆ

ಬಟ್ಟೆ ತಿರುಗಿಸಿ 3 ಚೈನ್ ಹಾಕಿ, ಅದರ ಬುಡದಲ್ಲೇ ಇನ್ನೊಂದು ಕಂಬ. ಆಮೇಲೆ ಅದೇ ಪಾಠ: ನಾಲ್ಕು, ಇಳಿ, ಇಳಿ, ನಾಲ್ಕು, ಜೋಡಿ, ಜೋಡಿ. ಮೃದಂಗ ಕಲಿಯುವ ಮಕ್ಕಳು ಜತಿ ಹೇಳಿಕೊಳ್ಳುವಂತೆ ಬಾಯಲ್ಲಿ ಹೇಳಿಕೊಳ್ಳುತ್ತಾ ಹೋಗಿ, ಒಂದು ವಾರಕ್ಕೆ ಕೈಗೆ ಹತ್ತಿಬಿಡುತ್ತದೆ. ಕೊನೆಯ ಜೋಡಿಯನ್ನು ಹಿಂದಿನ ಸಾಲಿನ 3 ಚೈನ್‌ನ ತಲೆಯ ಮೇಲೆ ಹಾಕಬೇಕು. ಹೊಸಬರ ಹೊದಿಕೆ ಮೇಲೆ ಹೋದಂತೆ ಕಿರಿದಾಗುವುದು ಈ ಒಂದು ಜಾಗ ಕಣ್ತಪ್ಪುವುದರಿಂದ. ಪ್ರತಿ ಸಾಲಿನ ಶುರುವಿನಲ್ಲಿ ಮೂರನೆಯ ಚೈನ್‌ಗೆ ಒಂದು ಪಿನ್ನು ಸಿಕ್ಕಿಸಿಟ್ಟರೆ ಹಿಂತಿರುಗಿ ಬಂದಾಗ ಜಾಗ ಹುಡುಕಬೇಕಿಲ್ಲ.

ಸಾಲಿಗೆ 196 ಎಣಿಸುತ್ತಾ ಕೂರುವವರು ಬೇಗ ಸೋಲುತ್ತಾರೆ. ಎಣಿಸುವ ಬದಲು ಬಟ್ಟೆಯನ್ನು ಓದುವುದು ಕಲಿಯಿರಿ, ಎರಡೇ ಗುರುತು ಸಾಕು. ಶಿಖರದಲ್ಲಿ ಹಿಂದಿನ ಸಾಲಿನ ಎರಡು ಜೋಡಿ, ಅಂದರೆ ನಾಲ್ಕು ಕಂಬ ಬೀಸಣಿಗೆಯಾಗಿ ನಿಂತಿರುತ್ತವೆ. ನಿಮ್ಮ ಹೊಸ ಜೋಡಿಗಳು ಅವುಗಳ ನಡುವಿನ ಎರಡರ ಮೇಲೆಯೇ ಬರಬೇಕು. ಕಣಿವೆಯಲ್ಲಿ ಹಿಂದಿನ ಸಾಲಿನ ಎರಡು ಇಳಿಕೆಗಳು ಅಕ್ಕಪಕ್ಕ ಇರುತ್ತವೆ. ಮೊದಲ ಇಳಿಕೆ ನಿಮ್ಮ ಮೊದಲ ಇಳಿಕೆಯ ಎರಡನೆಯ ಕಾಲಾಗಬೇಕು, ಎರಡನೆಯ ಇಳಿಕೆ ನಿಮ್ಮ ಎರಡನೆಯದರ ಮೊದಲ ಕಾಲಾಗಬೇಕು. ಈ ಎರಡು ಕಡೆ ಸರಿಯಿದ್ದರೆ ನಡುವಿನ ನಾಲ್ಕು ನಾಲ್ಕು ತಾವಾಗಿ ಸರಿ ಇರುತ್ತವೆ. ಒಂದು ಕಂಬ ಅತ್ತಿತ್ತ ಕಂಡರೆ ತಪ್ಪು ಆ ಅಲೆಯಲ್ಲೇ, ಇಲ್ಲವೇ ಅದರ ಕೆಳಗಿನ ಸಾಲಿನಲ್ಲಿ ಇದೆ. ಅಲ್ಲಿಯವರೆಗೆ ಬಿಚ್ಚಿ. ಮುಂದೆ ಎಲ್ಲೋ ಒಂದು ಕಂಬ ಕದ್ದು ಸರಿ ಹೊಂದಿಸುವುದು ಬೇಡವೇ ಬೇಡ. ಬ್ಯಾಗಿನಂಥ ಬೇರೆ ಹೆಣಿಗೆಯಲ್ಲಿ ಅದು ಮುಚ್ಚಿಹೋಗಬಹುದು. ಅಲೆಯಲ್ಲಿ ಆ ಒಂದು ಕಂಬದ ವಾಲು ಮೇಲಿನ ಪ್ರತಿ ಸಾಲಿಗೂ ಹತ್ತುತ್ತಾ ಹೋಗುತ್ತದೆ.

ಅಲೆ ಆಳವಾಗದೆ ಚಪ್ಪಟೆ ಎನಿಸಿದರೆ ಇಳಿಕೆಯ ಕೊನೆಯ ಎಳೆತ ಸಡಿಲವಾಗಿದೆ ಎಂದರ್ಥ, ಅಲ್ಲಿ ಕೈ ಸ್ವಲ್ಪ ಬಿಗಿ ಮಾಡಿ. ಶಿಖರದ ಎರಡು ಜೋಡಿಗಳ ನಡುವೆ ಸಣ್ಣ ಕಿಂಡಿ ಕಾಣುವುದು ಸಹಜ. ಬದಿಯಲ್ಲಿ ದೊಡ್ಡ ಕಿಂಡಿ ಬಿದ್ದರೆ ತಿರುಗಿಸುವಾಗ 3ರ ಬದಲು 2 ಚೈನ್ ಹಾಕಿ ನೋಡಿ.

ಬಣ್ಣ ಬದಲಿಸುವುದು

ಸಾಲು ಮುಗಿದ ಮೇಲೆ ಹೊಸ ಬಣ್ಣ ಕಟ್ಟುವುದು ತಡವಾಯಿತು. ಸಾಲಿನ ಕೊನೆಯ ಕಂಬದಲ್ಲಿ ಎರಡು ಕುಣಿಕೆ ಉಳಿದಿರುವಾಗಲೇ ಹಳೆಯ ದಾರ ಬಿಟ್ಟು ಹೊಸದನ್ನು ಹಿಡಿದು ಎಳೆಯಿರಿ, ತಿರುಗಿಸುವ 3 ಚೈನ್ ಹೊಸ ಬಣ್ಣದಲ್ಲೇ ಬರುತ್ತದೆ. ಹಳೆಯದಕ್ಕೂ ಹೊಸದಕ್ಕೂ ಒಂದು ಗೇಣು ತುದಿ ಬಿಡಿ. ಗಂಟು ಹಾಕಬೇಡಿ, ಅಕ್ರಿಲಿಕ್ ಗಂಟು ಜಾರುತ್ತದೆ, ಹತ್ತಿಯ ಗಂಟು ಮೈಗೆ ಒತ್ತುತ್ತದೆ. ಮೊಂಡು ಸೂಜಿಯಲ್ಲಿ ತುದಿಯನ್ನು ಅದೇ ಬಣ್ಣದ ಕಂಬಗಳೊಳಗೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ, ಮತ್ತೊಮ್ಮೆ ಮುಂದಕ್ಕೆ ತೂರಿಸಿ ಕತ್ತರಿಸಿ. 58 ಪಟ್ಟಿಯೆಂದರೆ 116 ತುದಿ. ಇವನ್ನು ಕೊನೆಗೆ ಎಂದು ಉಳಿಸಿಕೊಂಡರೆ ಹೊದಿಕೆ ಮುಗಿಯುವುದೇ ಇಲ್ಲ. ಕೂತಾಗಲೆಲ್ಲ ಹೆಣಿಗೆ ಶುರು ಮಾಡುವ ಮೊದಲು ಹಿಂದಿನ ತುದಿಗಳನ್ನು ಮುಗಿಸಿಬಿಡಿ.

ದಿನಕ್ಕೆ ಒಂದು ಗಂಟೆ ಕೂತರೆ ಹೊಸಬರಿಗೆ ಎರಡು ಸಾಲು ಆಗುತ್ತದೆ, ಅಂದರೆ ಸುಮಾರು ಎರಡು ತಿಂಗಳ ಕೆಲಸ. ದಸರಾ ಗೊಂಬೆ ಎತ್ತಿಟ್ಟ ಮೇಲೆ ಶುರು ಮಾಡಿದವರು, ನಡುವೆ ದೀಪಾವಳಿ ಗಡಿಬಿಡಿ ಬಂದರೂ, ಸಂಕ್ರಾಂತಿಯೊಳಗೆ ಹೊದೆಯಬಹುದು. ಅರ್ಧ ಗಂಟೆಗೊಮ್ಮೆ ಕಡ್ಡಿ ಕೆಳಗಿಟ್ಟು ಮಣಿಕಟ್ಟು, ಬೆರಳು ಬಿಚ್ಚಿ ಮಡಚಿ. ನೋವಿದ್ದ ದಿನ ಹೆಣೆಯಬೇಡಿ.

ಅಂಚು

ಮೇಲು ಕೆಳಗಿನ ಅಂಚನ್ನು ಅಲೆಯಾಗಿಯೇ ಬಿಡುವುದು ನನಗೆ ಇಷ್ಟ. ಅದನ್ನು ತುಂಬಿ ನೇರ ಮಾಡುವ ವಿಧಾನಗಳೂ ಇವೆ, ಆದರೆ ಇಷ್ಟು ದಿನ ಹೆಣೆದ ಅಲೆಯನ್ನು ಕೊನೆಗೆ ಮುಚ್ಚುವುದೇಕೆ?

ಸುತ್ತಲೂ ಗಿಡ್ಡ ಕಂಬದ ಒಂದೆರಡು ಸುತ್ತು ಸಾಕು. ಗಿಡ್ಡ ಕಂಬ ಎಂದರೆ ಕಡ್ಡಿಗೆ ದಾರ ಸುತ್ತದೆ ನೇರ ತೂರಿಸಿ ಎಳೆದು, ಎರಡು ಕುಣಿಕೆಯಿಂದ ಒಮ್ಮೆಲೇ ಎಳೆಯುವುದು. ಬದಿಗಳಲ್ಲಿ ಒಂದು ಸಾಲಿನ ಎತ್ತರಕ್ಕೆ ಎರಡು ಗಿಡ್ಡ ಕಂಬ. ಹತ್ತು ಸಾಲಿನಷ್ಟು ಹಾಕಿ ನೆಲದ ಮೇಲೆ ಹರಡಿ ನೋಡಿ: ಅಂಚು ನೆರಿಗೆಯಾಗಿ ಎದ್ದರೆ ಕಂಬ ಹೆಚ್ಚಾಗಿದೆ, ಒಳಕ್ಕೆ ಎಳೆದುಕೊಂಡರೆ ಕಡಿಮೆಯಾಗಿದೆ. ಮೇಲಿನ ಅಂಚಿನಲ್ಲಿ ಶಿಖರದ ನಡುವಿನ ಎರಡರಲ್ಲಿ ಎರಡೆರಡು ಹಾಕಿ, ಕಣಿವೆಯ ನಡುವಿನ ಎರಡನ್ನು ಬಿಟ್ಟು ದಾಟಿ. ಕೆಳಗಿನ ಅಂಚಿನಲ್ಲಿ ಹೊದಿಕೆ ತಲೆಕೆಳಗಾಗಿರುವುದರಿಂದ ಶಿಖರ, ಕಣಿವೆ ಅದಲುಬದಲಾಗಿರುತ್ತವೆ. ನಾಲ್ಕು ಮೂಲೆಗೆ ಮೂರು ಮೂರು.

ಒಗೆಯುವುದು, ಇಡುವುದು

ಮೊದಲ ಸಲ ತಣ್ಣೀರಲ್ಲಿ ಸ್ವಲ್ಪ ಸೋಪು ಕರಗಿಸಿ ಅದ್ದಿ, ಉಜ್ಜದೆ ಒತ್ತಿ ಒಗೆಯಿರಿ. ಹಿಂಡಬೇಡಿ. ದೊಡ್ಡ ಟವೆಲಿನಲ್ಲಿ ಸುತ್ತಿ ಅದುಮಿದರೆ ನೀರೆಲ್ಲ ಇಳಿಯುತ್ತದೆ. ಹಗ್ಗದ ಮೇಲೆ ನೇತುಹಾಕಿದರೆ ಒದ್ದೆ ತೂಕಕ್ಕೆ ಜಗ್ಗಿ ಅಲೆಯೆಲ್ಲ ಉದ್ದವಾಗುತ್ತದೆ, ಹತ್ತಿಯದಂತೂ ಖಂಡಿತ. ತಾರಸಿಯ ನೆರಳಿನಲ್ಲಿ ಚಾಪೆ ಹಾಸಿ ಅದರ ಮೇಲೆ ಹರಡಿ, ಶಿಖರ ಕಣಿವೆಗಳನ್ನು ಕೈಯಿಂದ ತಿದ್ದಿ, ಬದಿಗಳು ನೇರವಾಗಿವೆಯೇ ಎಂದು ಟೇಪಿನಲ್ಲಿ ನೋಡಿ ಒಣಗಲು ಬಿಡಿ. ಅಕ್ರಿಲಿಕ್ ಮೇಲೆ ಇಸ್ತ್ರಿ ಪೆಟ್ಟಿಗೆ ಇಡಲೇಬೇಡಿ, ಎಳೆ ಕರಗಿ ಜೋತುಬೀಳುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಮಳೆಗಾಲದಲ್ಲಿ ಒಗೆಯದಿರುವುದೇ ಮೇಲು. ಇಡುವಾಗ ಪ್ಲಾಸ್ಟಿಕ್ ಕವರಿಗೆ ತುಂಬದೆ ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ, ಪ್ರತಿ ಬಣ್ಣದ ಒಂದಿಷ್ಟು ದಾರವನ್ನು ಸಣ್ಣ ಉಂಡೆ ಮಾಡಿ ಜೊತೆಯಲ್ಲೇ ಇಡಿ, ಎಲ್ಲಾದರೂ ಎಳೆ ಕಿತ್ತರೆ ಅದೇ ಬಣ್ಣದಲ್ಲಿ ಸರಿಮಾಡಿಕೊಳ್ಳಬಹುದು.